ಮಣಿಕಟ್ಟಿನ ಮೇಲಿನ ಹಿಟ್ಟು

೧೯೯೮ರಲ್ಲಿ ನಾವಿದ್ದ ಕೊಂಢವಾ ಬಡಾವಣೆಯ ತುಂಬ ಕಟ್ಟಡಗಳು ಏಳುತ್ತಿದ್ದವು. ಶಾಲೆಯ ದಾರಿಗೆ ಫುಟ್‌ಪಾತೇ ಇರಲಿಲ್ಲ. ಹಾಳಾದ ಉಸುಕಿನ ಲಾರಿಗಳು ಮಕ್ಕಳ ಮೈ ಸವರಿಕೊಂಡೇ ಓಡುತ್ತಿದ್ದವು. ಮಗಳು ಶೀತಲ್‌ಳನ್ನು ದಿನಾ ನಾನೇ ಕೈಹಿಡಿದು ಬಿಟ್ಟುಬರುತ್ತಿದ್ದೆ. ನಾಗರಪಂಚಮಿಯ ಬೆಳಿಗ್ಗೆ ನನಗೆ ಮೈಸುಡುವ ಜ್ವರ. ಅವಳು ಒಬ್ಬಳೇ ಹೋದಳು.

ಸ್ವಲ್ಪ ಹೊತ್ತಿಗೇ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ತಿರುಗಿ ಬಂದಳು.

“ಅವ್ವಾ, ಲಾರಿ ಮೈಮ್ಯಾಲೆ ಬಂದಿತ್ತು. ಸಪ್ಪಳನ ಕೇಳಲಿಲ್ಲ. ಯಾರೋ ಕೈ ಹಿಡದು ಜಗ್ಗಿದ್ರು. ಆ ಕೈ ಭಾಳ ಸುಡತಿತ್ತು. ನೀನ ಬಂದಿ ಅಂತ ತಿಳದೆ. ಹೊಳ್ಳಿ ನೋಡಿದ್ರ ಯಾರೂ ಇಲ್ಲ!”

ಅವಳನ್ನು ಎದೆಗೊತ್ತಿಕೊಂಡು ಅತ್ತೆ. ತಲೆಯಿಂದ ಪಾದದವರೆಗೆ ತಡವಿ ನೋಡಿದೆ. ಒಂದು ಗೀರೂ ಇರಲಿಲ್ಲ. ಮಣಿಕಟ್ಟಿನ ಸುತ್ತ ಮಾತ್ರ ಬೆರಳುಗಳ ಅಚ್ಚು ಬಿಳಿಯಾಗಿ ಮೂಡಿತ್ತು. ಜೋಳದ ಹಿಟ್ಟು. ಅಷ್ಟು ಮಳೆಯಲ್ಲೂ ಒಣಗಿಯೇ ಇತ್ತು, ಊದಿದರೆ ಹಾರಿತು.

ಯಾರೇ ಆಗಿರಲಿ, ಅವರ ಹೊಟ್ಟೆ ತಣ್ಣಗಿರಲಿ. ನನ್ನ ಮಗಳು ಮನೆಗೆ ಬಂದಳು, ನನಗಷ್ಟೇ ಸಾಕು.

ಆದರೆ ಪಂಚಮಿಯ ದಿನ ನಾವು ಒಲೆಯ ಮೇಲೆ ರೊಟ್ಟಿಯ ಹಂಚು ಇಡುವುದಿಲ್ಲ. ನಮ್ಮ ಚಾಳಿನ ಮರಾಠಿಯವರೂ ಇಡುವುದಿಲ್ಲ. ರೊಟ್ಟಿಯೆಲ್ಲ ಹಿಂದಿನ ದಿನವೇ ಬಡಿದಾಗಿತ್ತು. ಅಂದು ಯಾರೂ ಹಿಟ್ಟು ಮುಟ್ಟಿರಲಿಲ್ಲ.