ಗಗನನೌಕೆಯ ಎರಡನೆಯ ಸಂಪುಟ

"ನಿಮ್ಮ ಕ್ಯಾಪ್ಟನ್ ಬಾಯಿಬಡುಕ ಕಣ್ರೀ," ಎಂದಳು ಶಾಂತಾದೇವಿ, ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು. "ನಾನು ನೋಡಿದ ಕ್ಯಾಪ್ಟನ್ ಹೀಗೆಲ್ಲ ಮಾತೇ ಆಡ್ತಿರಲಿಲ್ಲ."

ನಮ್ಮ ಮೊದಲ ಜಗಳ ಅದು, ಅರವತ್ತಾರನೆಯ ಇಸವಿಯ ಆಷಾಢದಲ್ಲಿ. ಶಿವರಾಮಪೇಟೆಯಲ್ಲಿ 'ರುದ್ರಸ್ವಾಮಿ ಲೈಬ್ರರಿ' ಎಂದು ನನ್ನ ಹೆಸರಿನದೇ ಒಂದು ಸಣ್ಣ ಲೈಬ್ರರಿ ಇತ್ತು. ವಾರಪತ್ರಿಕೆಗಳ ಧಾರಾವಾಹಿಗಳನ್ನು ಕತ್ತರಿಸಿ, ಹೊಲಿದು, ರಟ್ಟು ಹಾಕಿ ಓದಲು ಕೊಡುವುದು ಆಗಿನ ವಾಡಿಕೆ. ನಾನು ಇನ್ನೂ ಸ್ವಲ್ಪ ಮುಂದೆ ಹೋಗಿದ್ದೆ. ರದ್ದಿಯಲ್ಲಿ ಸಿಕ್ಕ ಇಂಗ್ಲೆಂಡಿನ ಮಕ್ಕಳ ಪತ್ರಿಕೆಗಳಲ್ಲಿ ಗಗನನೌಕೆಯೊಂದರ ಚಿತ್ರಕಥೆ ಇತ್ತು. ಅದರ ಮಾತಿನ ಗುಳ್ಳೆಗಳ ಮೇಲೆ ಕನ್ನಡದ ಚೀಟಿಗಳನ್ನು ಮೈದಾ ಅಂಟಿನಿಂದ ಅಂಟಿಸಿ ಸಂಪುಟ ಕಟ್ಟಿದ್ದೆ. ಟೆಲಿವಿಷನ್ನಿನಲ್ಲಿ ಬರುವ ಕಥೆಯನ್ನೇ ಆಧರಿಸಿ ಈ ಚಿತ್ರಗಳನ್ನು ಬರೆದದ್ದು ಎಂದು ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆದರೆ ಮೈಸೂರಿನಲ್ಲಿ ಟೆಲಿವಿಷನ್ ಕಂಡವರು ಯಾರು?

ಇವಳು ಕಂಡಿದ್ದಳು. ನಿವೃತ್ತ ಮೇಷ್ಟ್ರು ಷಡಕ್ಷರಿಯವರ ಮಗಳು. ಅತ್ತಿಗೆಯ ಬಾಣಂತನಕ್ಕೆಂದು ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ, ಅಣ್ಣನ ಮನೆಯಲ್ಲಿ ಎರಡು ವರ್ಷ ಇದ್ದು ಆಗಷ್ಟೇ ಹಿಂದಿರುಗಿದ್ದಳು. ಅಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪ್ರತಿ ಶನಿವಾರ ಗಗನನೌಕೆ ನೋಡುತ್ತಿದ್ದಳಂತೆ.

"ಕ್ಯಾಪ್ಟನ್ ದನಿ ಗಡುಸಾಗಿರುತ್ತಲ್ವೇ?" ನಾನು ಆಸೆಯಿಂದ ಕೇಳಿದೆ.

"ಇಲ್ಲ. ನೆಗಡಿ ಆದವರ ಥರ."

ಎರಡು ವರ್ಷದಿಂದ ನನ್ನ ಕಿವಿಯಲ್ಲಿ ಗರ್ಜಿಸುತ್ತಿದ್ದ ಮನುಷ್ಯನನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು. ಮೇಲೆ ಕಣ್ಣಂಚಿನಲ್ಲಿ ಒಂದು ತುಂಟ ನಗು ಬೇರೆ. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ.

ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನ, ಲೈಬ್ರರಿ ಖಾಲಿ ಇರುವ ಹೊತ್ತಿಗೆ ಬರುತ್ತಿದ್ದಳು. ಇಬ್ಬರೂ ಕೂತು ಕಥೆಗೆ ಕಥೆ ಹೋಲಿಸುತ್ತಿದ್ದೆವು. ನನ್ನ ಪುಟಗಳಲ್ಲಿ ಆಕಾಶ ಕಿತ್ತಳೆ ಬಣ್ಣ, ಮೂರು ಚಂದ್ರರು, ಜಗನ್ಮೋಹನ ಅರಮನೆಯಷ್ಟು ದೊಡ್ಡ ನೌಕೆ. ಅವಳ ಟೆಲಿವಿಷನ್ನಿನಲ್ಲಿ ಎಲ್ಲವೂ ಕಪ್ಪು ಬಿಳುಪು. ನೌಕೆಯ ಬಾಗಿಲು ಹಾಕಿದರೆ ಗೋಡೆಯೇ ಅಲ್ಲಾಡುತ್ತಿತ್ತಂತೆ. ಯಾವ ಗ್ರಹಕ್ಕೆ ಹೋದರೂ ಅದೇ ಕಲ್ಲುಕ್ವಾರಿ.

"ಹಾಗಾದ್ರೆ ನನ್ನ ಪುಸ್ತಕಾನೇ ವಾಸಿ," ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಯೋಚಿಸುವಾಗ ಕಿವಿಯ ಓಲೆಯನ್ನು ತಿರುಗಿಸುವುದು ಅವಳ ಅಭ್ಯಾಸ. ನಾನು ಓಲೆಯನ್ನೇ ನೋಡುತ್ತ ಕೂತೆ.

"ನೌಕೆ, ಆಕಾಶ ಎಲ್ಲ ಇದರಲ್ಲೇ ಚೆನ್ನ. ಆದ್ರೆ ಅಲ್ಲಿ ಡಾಕ್ಟರ್ ಐರಿನ್ ಅಂತ ಒಬ್ಬಳಿದಾಳೆ. ಕ್ಯಾಪ್ಟನ್ ಕಿಟಕಿ ಕಡೆ ತಿರುಗಿ ನಿಂತಿದ್ರೆ ಅವಳು ಅವನ ಬೆನ್ನು ನೋಡ್ತಾಳೆ. ಅಷ್ಟೇ. ಮಾತಿಲ್ಲ. ನಮಗೆ ಮಾತ್ರ ಎಲ್ಲ ಗೊತ್ತಾಗುತ್ತೆ. ಇಲ್ಲಿ ಪುಟಕ್ಕೊಂದು ಮುಖ ಅವಳಿಗೆ. ಗುಳ್ಳೇಲಿ ಬರೀದೇ ಇದ್ದಿದ್ದು ಯಾವುದೂ ಇಲ್ಲಿ ನಡೆಯೋದೇ ಇಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ಆಗ ಎರಡನೆಯ ಸಂಪುಟದ ಚೀಟಿಗಳನ್ನು ಬರೆಯುತ್ತಿದ್ದೆ. ಗುಳ್ಳೆಯಲ್ಲಿ ಬರೆಯದೆ ಇದ್ದದ್ದು ನಡೆಯುವುದೇ ಇಲ್ಲ ಎಂದಾದರೆ ಬರೆದೇಬಿಡೋಣ ಎನ್ನಿಸಿತು. ಕಟ್ಟಿ ಮುಗಿಸಿ, ನವರಾತ್ರಿ ಕಳೆದ ಮೇಲೆ ಮೊದಲು ಅವಳ ಕೈಗೇ ಕೊಟ್ಟೆ.

ಅವಳು ಪುಸ್ತಕವನ್ನು ತೆರೆಯಲಿಲ್ಲ. "ಅಣ್ಣ ಕಾಗದ ಬರೆದಿದಾನೆ," ಎಂದಳು. "ಲೀಡ್ಸ್‌ನಲ್ಲಿ ನಮ್ಮವರೇ ಒಬ್ಬ ಡಾಕ್ಟರು, ಅವರೇ ಗಂಡು. ಒಪ್ಪಿದ್ರೆ ಮಾಘದಲ್ಲಿ ಮದುವೆ. ಅಪ್ಪ ಉತ್ತರ ಬರೀಬೇಕು, ನಿನ್ನ ಮನಸ್ಸಲ್ಲಿ ಏನಿದೆ ಹೇಳಮ್ಮ ಅಂತಿದಾರೆ."

"ಒಳ್ಳೇದಾಯ್ತು," ಎಂದೆ.

ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. ನಾನು ರಟ್ಟು ಕತ್ತರಿಸುವುದರಲ್ಲಿ ಬಹಳ ಮುಳುಗಿರುವವನಂತೆ ನಟಿಸಿದೆ. ಮೊದಲನೆಯ ಸಂಪುಟವನ್ನೂ ಕೇಳಿ ತೆಗೆದುಕೊಂಡು ಅವಳು ಹೋದ ಮೇಲೆ ನೋಡಿದರೆ ರಟ್ಟು ಸೊಟ್ಟಗೆ ಕತ್ತರಿಸಿಹೋಗಿತ್ತು. ಆ ವಾರ ಅನ್ನ ಸೇರಲಿಲ್ಲ. ಪ್ರೀತಿ ಎಂದರೆ ಇದೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಅವಳ ಮುಂದೆ ನಿಂತು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಮುಂದಿನ ಗುರುವಾರ ಬಂದು ಎರಡೂ ಸಂಪುಟಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ಒದ್ದೆ ಹತ್ತಿಯಿಂದ ಒತ್ತಿ, ಎಷ್ಟೋ ಚೀಟಿಗಳನ್ನು ಹರಿಯದಂತೆ ಬಿಡಿಸಿದ್ದಳು.

"'ನೀವು ಬಾರದ ವಾರ ಬಹಳ ಉದ್ದ, ಡಾಕ್ಟರ್.' ಇದು ನಿಮ್ಮ ಚೀಟಿ," ಎಂದು ಓದಿದಳು. "ಕೆಳಗಿನ ಇಂಗ್ಲಿಷಿನಲ್ಲಿ ಇರೋದು, 'ಇಂಧನ ಎಷ್ಟು ಉಳಿದಿದೆ ನೋಡಿ.'"

ನಾನು ಅಂಟಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

"'ನೀವು ನಕ್ಕರೆ ನನಗೆ ದಾರಿ ತಪ್ಪುತ್ತದೆ.' ಕೆಳಗೆ, 'ಎಡಕ್ಕೆ ತಿರುಗಿಸಿ, ಬಂಡೆ ಬರ್ತಿದೆ!'" ನಗು ತಡೆಯಲು ತುಟಿ ಕಚ್ಚಿಕೊಂಡಳು, ಆದರೆ ಕಣ್ಣು ತುಂಬಿತ್ತು. "ಟೆಲಿವಿಷನ್‌ನಲ್ಲೂ ಇಲ್ಲ, ಚಿತ್ರದಲ್ಲೂ ಇಲ್ಲ. ಇದೆಲ್ಲ ಎಲ್ಲಿಂದ ಬಂತು?"

"ಅನುವಾದದಲ್ಲಿ ಸ್ವಲ್ಪ ಹೆಚ್ಚುಕಮ್ಮಿ..."

"ಸುಳ್ಳು. ಮೊದಲನೇ ಸಂಪುಟದ್ದೂ ಬಿಡಿಸಿ ನೋಡ್ದೆ. ಒಂದಕ್ಷರ ಆಚೀಚೆ ಇಲ್ಲ. ಅದು ನಾನು ಇಲ್ಲಿಗೆ ಬರೋಕೆ ಮುಂಚೆ ಅಂಟಿಸಿದ್ದು."

ಬೀದಿಯಲ್ಲಿ ಜಟಕಾ ಒಂದು ಹಾದುಹೋಯಿತು. ಅವಳು ಬಿಡಿಸಿದ ಚೀಟಿಗಳನ್ನು ಒಟ್ಟುಮಾಡಿ ಪುಸ್ತಕದೊಳಗಿಟ್ಟಳು.

"ಅಪ್ಪ ಇವತ್ತು ಸಂಜೆ ಕಾಗದ ಪೋಸ್ಟಿಗೆ ಹಾಕ್ತಾರೆ," ಎಂದಳು. "ಕ್ಯಾಪ್ಟನ್ ಹೇಳಿದ್ದು ಓದಿದೀನಿ. ರುದ್ರಸ್ವಾಮಿಯವರು ಏನು ಹೇಳ್ತಾರೆ?"

ಹೊರಬಂದ ದನಿ ನನ್ನದೆಂದು ನನಗೇ ಗುರುತು ಸಿಗಲಿಲ್ಲ.

"ಹೋಗ್ಬೇಡಿ."

"ಅಷ್ಟೇನಾ?"

"ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ ಕಣ್ರೀ. ಮೊದಲ ದಿನ ಜಗಳ ಆಡಿದ್ರಲ್ಲ, ಆವತ್ತಿಂದ. ನೀವು ಹೊರಟುಹೋದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

ಅವಳು ಸ್ಟೂಲಿನ ಮೇಲೆ ಮೆಲ್ಲಗೆ ಕೂತಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಇಷ್ಟು ಹೇಳೋಕೆ ಒಂದು ಸಂಪುಟ ಬೇಕಾಯ್ತಾ?" ಎಂದವಳ ಮುಖದಲ್ಲಿ ಅಂಥ ಬೆಳಕಿತ್ತು, ನಾನು ನಾಚದೆ ನೋಡಿದೆ. "ಅಪ್ಪ ನಾಲ್ಕು ಗಂಟೆಗೆ ಹೊರಡ್ತಾರೆ. ಅಷ್ಟರೊಳಗೆ ಬಂದು ಅವರ ಹತ್ರಾನೂ ಹೀಗೇ ಹೇಳಿ. ಅಂಗಿ ಬದಲಾಯಿಸ್ಕೊಂಡು ಬನ್ನಿ, ತೋಳೆಲ್ಲ ಅಂಟು."

ಆಗಿನ್ನೂ ಎರಡೂವರೆ. ಆದರೆ ಅಂಗಿ ಬದಲಿಸುವಷ್ಟು ಹೊತ್ತು ಈ ಧೈರ್ಯ ನಿಲ್ಲುತ್ತದೆಂಬ ನಂಬಿಕೆ ನನಗಿರಲಿಲ್ಲ. ಲೈಬ್ರರಿಗೆ ಬೀಗ ಹಾಕಿ, ಅವಳ ಜೊತೆಯಲ್ಲೇ ಹೊರಟೆ.