ತನ್ಮಯನ ರೊಟ್ಟಿ ಸನ್ನೆ

"ನಾನು ಆ ಜೆರ್ಸಿ ಹಾಕಲ್ಲ," ಎಂದಳು ನಿಕಿತಾ. "ಶನಿವಾರದ ಮ್ಯಾಚಿಗೂ ಬರಲ್ಲ."

ಹನ್ನೆರಡನೇ ನಂಬರಿನ ನೀಲಿ ಜೆರ್ಸಿ ಸೋಫಾದ ಮೇಲೆ ಬಿದ್ದಿತ್ತು. ಅದು ಅವಳ ಅಣ್ಣ ತನ್ಮಯನ ಹಳೆಯ ಜೆರ್ಸಿ. ಅವನು ಆಡಿದ ಒಂದೊಂದು ಮ್ಯಾಚಿಗೂ ಅವಳು ಅದನ್ನು ಮೊಣಕಾಲಿನವರೆಗೆ ಇಳಿಬಿಟ್ಟುಕೊಂಡು ಹೋಗುತ್ತಿದ್ದಳು.

ನಿಜ ಹೇಳಬೇಕೆಂದರೆ ಅವಳು ಇದನ್ನು ಹೇಳಿದ್ದು ಇಂಗ್ಲಿಷಿನಲ್ಲಿ. ಅಮೆರಿಕದ ಬೆಲ್ವ್ಯೂನಲ್ಲಿ ಹುಟ್ಟಿದ ಹುಡುಗಿ. ಕಿವಿಯೊಳಗೆ ಹೋದ ಕನ್ನಡ ಬಾಯಿಂದ ಹೊರಬರುವಾಗ ಇಂಗ್ಲಿಷಾಗಿರುತ್ತದೆ. ನಾವು ಮಾತ್ರ ಕನ್ನಡದಲ್ಲೇ ಕೇಳಿಸಿಕೊಳ್ಳೋಣ.

ತನ್ಮಯ ಅವನ ಕಾಲೇಜಿನ ಫುಟ್‌ಬಾಲ್ ಟೀಮಿನ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಅಮೆರಿಕದ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅದನ್ನು ಯಾರ ಕಡೆ ಎಸೆಯಬೇಕು, ಯಾರ ಕೈಗೆ ಕೊಡಬೇಕು, ಎಲ್ಲ ಅವನ ಮೇಲೆ.

ಹೋದ ವರ್ಷ ಒಬ್ಬ ದಢೂತಿ ಆಟಗಾರ ಬಂದು ಗುದ್ದಿದ. ತನ್ಮಯನ ಬಲಭುಜ ಮುರಿಯಿತು. ಆಪರೇಷನ್ ಆದ ಮೇಲೂ ಆ ಕೈ ಭುಜಕ್ಕಿಂತ ಮೇಲೆ ಏಳಲೇ ಇಲ್ಲ. 2014ರ ಆಗಸ್ಟಿನಲ್ಲಿ ಡಾಕ್ಟರ್, ಇನ್ನು ಚೆಂಡು ಎಸೆಯುವಂತಿಲ್ಲ ಎಂದುಬಿಟ್ಟರು.

ಈಗ ಅವನ ಜಾಗದಲ್ಲಿ ಮೈಕಾ ಎಂಬ ಹೊಸ ಹುಡುಗ ಆಡುತ್ತಾನೆ. ತನ್ಮಯ ಟೋಪಿ ಹಾಕಿಕೊಂಡು ಮೈದಾನದ ಗೆರೆಯಾಚೆ ಕೋಚ್ ಪಕ್ಕದಲ್ಲಿ ನಿಲ್ಲುತ್ತಾನೆ. ಕೋಚ್ ಹೇಳಿದ್ದನ್ನು ಕೈಸನ್ನೆಯಲ್ಲಿ ಮೈಕಾಗೆ ತಿಳಿಸುತ್ತಾನೆ.

"ಸ್ಕೂಲ್ ಬಸ್ಸಲ್ಲಿ ಚೇತನ್ ಏನಂದ ಗೊತ್ತಾ?" ಎಂದಳು ನಿಕಿತಾ. "ನಿಮ್ಮಣ್ಣ ಟ್ರಾಫಿಕ್ ಪೊಲೀಸ್ ಥರ ಬರೀ ಕೈ ಆಡಿಸ್ತಾನೆ ಅಂದ. ಎಲ್ರೂ ನಕ್ಕರು. ನಮ್ಮಣ್ಣ ಕ್ವಾರ್ಟರ್‌ಬ್ಯಾಕ್ ಅಂತ ನಾನು ಇಡೀ ಕ್ಲಾಸಿಗೆ ಹೇಳಿದೀನಿ."

ತನ್ಮಯನಿಗೆ ಕೋಪ ಬರಲಿಲ್ಲ. ಅದರಿಂದ ಅವಳಿಗೆ ಇನ್ನಷ್ಟು ಕೋಪ ಬಂತು.

"ಆ ಕೆಲಸಾನೂ ಹೋಗೋ ಹಾಗಿದೆ ನಿಕ್ಕಿ," ಎಂದ ಅವನು. "ನನ್ನ ಕೈ ಮೇಲೆ ಹೋಗಲ್ಲ. ಮಾಡೋಕಾಗೋದೇ ನಾಲ್ಕೈದು ಸನ್ನೆ. ಅದನ್ನ ಎದುರು ಟೀಮಿನವರು ಕಂಡುಹಿಡಿದುಬಿಟ್ರು. ನಿನ್ನೆ ಸೋತಿದ್ದೇ ಅದರಿಂದ. ಈ ಶನಿವಾರವೂ ಹಾಗಾದ್ರೆ ಬೇರೆಯವರನ್ನ ನಿಲ್ಲಿಸ್ತೀನಿ ಅಂದಿದಾರೆ ಕೋಚ್."

"ಹೋದ್ರೆ ಹೋಗ್ಲಿ."

"ನಾನು ಕೋಚ್ ಆಗ್ಬೇಕು ನಿಕ್ಕಿ. ಆಡೋಕಂತೂ ಆಗಲ್ಲ. ಮೈದಾನ ಬಿಟ್ಟಿರೋಕೂ ಆಗಲ್ಲ."

ಅಣ್ಣನ ಮುಖ ನೋಡಲಾಗದೆ ನಿಕಿತಾ ಅಡುಗೆಮನೆಯತ್ತ ತಿರುಗಿದಳು.

ಅಲ್ಲಿ ಕಮಲವ್ವ ಅಜ್ಜಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಬಾಗಲಕೋಟೆಯಿಂದ ಆರು ತಿಂಗಳಿಗೆಂದು ಬಂದ ಅಜ್ಜಿ ಹಿಟ್ಟನ್ನೂ ಹೊತ್ತು ತಂದಿದ್ದರು. ಇಲ್ಲಿಯ ಅಂಗಡಿಯ ಹಿಟ್ಟಿನ ಮೇಲೆ ಅವರಿಗೆ ಒಂದಿಷ್ಟೂ ನಂಬಿಕೆ ಇಲ್ಲ.

ಅಜ್ಜಿ ಹಿಟ್ಟು ನಾದಿದರು. ಉಂಡೆ ಕಟ್ಟಿದರು. ಪಟಪಟ ಬಡಿದರು. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದರು. ಆಮೇಲೆ ಮಗುಚಿ ಹಾಕಿದರು. ಇಷ್ಟೆಲ್ಲ ಮಾಡಿದರೂ ಅವರ ಕೈ ಒಂದು ಸಲವೂ ಎದೆಗಿಂತ ಮೇಲೆ ಹೋಗಲಿಲ್ಲ.

ನಿಕಿತಾ ಸುಮ್ಮನಿರಬೇಕೆಂದೇ ಇದ್ದಳು. ಬಾಯಿ ಕೇಳಲಿಲ್ಲ.

"ಅಣ್ಣಾ, ಅಜ್ಜಿ ಕೈ ನೋಡು."

ತನ್ಮಯ ನೋಡಿದ. ಎದ್ದು ಹೋಗಿ ಹತ್ತಿರದಿಂದ ನೋಡಿದ. ಆಮೇಲೆ ಫ್ರಿಜ್ ಮೇಲಿದ್ದ ಪೆನ್ನು, ಕಾಗದ ತಂದ.

"ಬಡಿದ್ರೆ, ಚೆಂಡು ಹಿಡ್ಕೊಂಡು ನಡುವೆ ನುಗ್ಗು," ಎಂದು ಬರೆದುಕೊಂಡ. "ನೀರು ಸವರಿದ್ರೆ, ಬಲಗಡೆ ಹತ್ತಿರದವನಿಗೆ ಎಸಿ. ಮಗುಚಿದ್ರೆ?"

"ಮಗುಚಿದ್ರೆ ಮೋಸ," ಎಂದಳು ನಿಕಿತಾ. "ನಡುವೆ ಕೊಡೋ ಹಾಗೆ ನಟನೆ ಮಾಡಿ, ಎಡಗಡೆ ಮೂಲೆಗೆ ಉದ್ದಕ್ಕೆ ಎಸೀಬೇಕು."

ಒಟ್ಟು ಒಂಬತ್ತು ಸನ್ನೆಗಳಾದವು. ದೂರದಿಂದ ಕಾಣುತ್ತವೋ ಇಲ್ಲವೋ ನೋಡಬೇಕಿತ್ತು. ತನ್ಮಯ ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತ. ನಿಕಿತಾ ಮಳೆಯಲ್ಲೇ ಛತ್ರಿ ಹಿಡಿದು ಪಾರ್ಕಿಂಗ್ ಲಾಟಿನ ಆ ತುದಿಗೆ ಹೋದಳು. ಅವನು ಸನ್ನೆ ಮಾಡಬೇಕು, ಅವಳು ಏನೆಂದು ಹೇಳಬೇಕು. ಮೊದಲ ಸಲ ಒಂಬತ್ತರಲ್ಲಿ ನಾಲ್ಕು ತಪ್ಪಾದವು.

"ಹಂಗ ಬಡಿದ್ರ ರೊಟ್ಟಿ ಹರೀತದೋ," ಎಂದು ಅಜ್ಜಿ ಬಾಲ್ಕನಿಗೇ ಬಂದರು. "ಬೆರಳ ಅಗಲ ಮಾಡು. ಬಡಿಕೋತ ತಿರಗಸಬೇಕು. ಇಷ್ಟ್ ದೊಡ್ಡಾವ ಆಗೀದಿ, ಒಂದ್ ರೊಟ್ಟಿ ಬಡ್ಯಾಕ ಬರಂಗಿಲ್ಲ."

ಮತ್ತೆ ಮಾಡಿದರು. ಮತ್ತೆ ಎರಡು ತಪ್ಪು. ನಿಕಿತಾಳ ಶೂ ಒದ್ದೆಯಾಗಿ ಪಚಪಚ ಎನ್ನುತ್ತಿತ್ತು. ಅಮ್ಮ ಕಿಟಕಿಯಿಂದ ಒಳಗೆ ಕರೆದರೂ ಅವಳು ಹೋಗಲಿಲ್ಲ. ಒಂಬತ್ತೂ ಸರಿಯಾಗುವವರೆಗೆ, ಆಮೇಲೆ ಇನ್ನೊಂದು ಸಲ ಸರಿಯಾಗುವವರೆಗೆ ಅಲ್ಲೇ ನಿಂತಿದ್ದಳು.

"ನಾಳೆ ಟೀಮಿಗೆ ಕಲಿಸ್ತೀನಿ. ಹೊರಗಿನವರು ಯಾರಿಗೂ ಇದು ಗೊತ್ತಾಗ್ಬಾರ್ದು," ಎಂದ ತನ್ಮಯ, ರೊಟ್ಟಿ ಮುರಿಯುತ್ತ.

ಶನಿವಾರ ಅಮ್ಮ ಕಾರು ಓಡಿಸಿದರು. ಟಕ್ವಿಲಾ ಎಂಬ ಊರು ದಾಟುವಾಗ ಅಲ್ಲಿಯ ಮಾಲಿನ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡರು. ಹಿಂದಿನ ಸೀಟಿನಲ್ಲಿ ನಿಕಿತಾ, ಜೊತೆಗೆ ಅಜ್ಜಿ. ನಿಕಿತಾ ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡಿದ್ದಳು. ಒಳಗೆ ಹನ್ನೆರಡನೇ ನಂಬರ್ ಇರುವುದನ್ನು ಯಾರಿಗೂ ಹೇಳಿರಲಿಲ್ಲ.

ಎದುರು ಟೀಮಿನ ಇಬ್ಬರು ದುರ್ಬೀನು ಹಿಡಿದು ತನ್ಮಯನ ಕೈಯನ್ನೇ ನೋಡುತ್ತಿದ್ದರು. ಅವನು ಬಡಿದ. ಸವರಿದ. ನಾದಿದ. ಅವರು ಕಾಗದದಲ್ಲಿ ಏನೇನೋ ಬರೆದರು, ಹೊಡೆದುಹಾಕಿದರು. ಕೊನೆಗೆ ಒಬ್ಬ ದುರ್ಬೀನು ಕೆಳಗಿಟ್ಟು ತಲೆ ಕೆರೆದುಕೊಂಡ.

ಆಟ ಮುಗಿಯಲು ಐದು ಸೆಕೆಂಡ್. ತನ್ಮಯನ ಟೀಮು ನಾಲ್ಕು ಪಾಯಿಂಟ್ ಹಿಂದಿತ್ತು. ಕೊನೆಯ ಗೆರೆಯಾಚೆ ಒಮ್ಮೆ ಚೆಂಡು ಹಿಡಿದರೆ ಗೆಲುವು. ಮೈಕಾ ಗೆರೆಯತ್ತ ನೋಡಿದ. ತನ್ಮಯ ಅಂಗೈ ಚಾಚಿ, ಮೆಲ್ಲಗೆ ಮಗುಚಿದ.

ಇಡೀ ಸ್ಟೇಡಿಯಂ, ನಡುವೆ ನುಗ್ಗಿದವನನ್ನು ನೋಡಿತು. ನಿಕಿತಾ ಮಾತ್ರ ಎಡಗಡೆ ಮೂಲೆಯನ್ನು ನೋಡುತ್ತಿದ್ದಳು. ಅಲ್ಲಿ ಅವರ ಟೀಮಿನವನು ಒಬ್ಬನೇ ಓಡುತ್ತಿದ್ದ. ಅವನ ಹತ್ತಿರ ಯಾರೂ ಇರಲಿಲ್ಲ. ಚೆಂಡು ನೇರ ಅವನ ಕೈಗೇ ಬಂತು.

ಕೈಯಿಂದ ಜಾರಿ ಹುಲ್ಲಿನ ಮೇಲೆ ಬಿತ್ತು.

ಸೀಟಿ ಊದಿದರು. ಸೋತರು. ನಿಕಿತಾಳಿಗೆ ಅಳು ಬಂತು.

ಮೊದಲೆಲ್ಲ ಸೋತ ದಿನ ತನ್ಮಯ ಹೆಲ್ಮೆಟ್ ಎಸೆದು ಒಬ್ಬನೇ ಹೋಗಿಬಿಡುತ್ತಿದ್ದ. ಮನೆಯವರೆಲ್ಲ ಕಾರಿನಲ್ಲಿ ಗಂಟೆಗಟ್ಟಲೆ ಕಾಯುತ್ತಿದ್ದರು. ಇವತ್ತು ಅವನು ಮೊದಲು ಹೋದದ್ದು ಚೆಂಡು ಬಿಟ್ಟ ಹುಡುಗನ ಬಳಿಗೆ. ಹುಲ್ಲಿನ ಮೇಲೆ ಕುಸಿದು ಕೂತಿದ್ದ ಅವನನ್ನು ಎಬ್ಬಿಸಿ ನಿಲ್ಲಿಸಿದ. ಆಮೇಲೆ ಮೈಕಾನ ಹೆಗಲಿಗೆ ಕೈ ಹಾಕಲು ಹೋದ. ಮೈಕಾ ಎತ್ತರದ ಹುಡುಗ. ಬಲಗೈ ಅಷ್ಟು ಮೇಲೆ ಹೋಗಲಿಲ್ಲ. ಮೈಕಾ ಮಂಡಿ ಬಗ್ಗಿಸಿ ಹೆಗಲನ್ನು ಕೆಳಗೆ ತಂದುಕೊಟ್ಟ.

ನಿಕಿತಾ ಅಳುವುದನ್ನು ಮರೆತು ಅದನ್ನೇ ನೋಡಿದಳು.

ತನ್ಮಯ ಬೇಲಿಯ ಹತ್ತಿರ ಬಂದಾಗ ಅವನ ಕಣ್ಣೂ ಕೆಂಪಾಗಿತ್ತು. "ನಾಳೆ ಒಂಬತ್ತಕ್ಕೆ ಕೋಚ್‌ಗಳ ಮೀಟಿಂಗಿಗೆ ಬಾ ಅಂದ್ರು," ಎಂದ.

"ಸೋತ್ರೂ?"

"ಸನ್ನೆ ಒಂದೂ ಸಿಕ್ಕಿಬೀಳಲಿಲ್ಲ ನಿಕ್ಕಿ. ಮುಂದಿನ ವರ್ಷಕ್ಕೂ ಇವೇ ಇರ್ಲಿ ಅಂದ್ರು."

"ಮುಂದಿನ ವರ್ಷಕ್ಕ ನೀ ರೊಟ್ಟಿನೂ ಕಲೀ," ಎಂದರು ಅಜ್ಜಿ.

ಸೋಮವಾರ ಬಸ್ಸಿನಲ್ಲಿ ಚೇತನ್ ಹಿಂದಿನ ಸೀಟಿನಿಂದ ಬಗ್ಗಿದ. "ಟೀವೀಲಿ ನೋಡ್ದೆ. ಸೋತ್ರು. ನಿಮ್ಮಣ್ಣ ಕೈ ಆಡಿಸಿದ್ದು ವೇಸ್ಟ್ ಆಯ್ತಲ್ಲ. ಅದೇನು ಹಾಗೆ ಪಟಪಟ ಬಡೀತಿದ್ದ, ಸೊಳ್ಳೆ ಹೊಡೀತಿದ್ನಾ?"

ಎಲ್ಲರೂ ನಕ್ಕರು. ನಿಕಿತಾಳ ಕಿವಿ ಬಿಸಿಯಾಯಿತು. ಒಂಬತ್ತು ಸನ್ನೆಗಳೂ ನಾಲಿಗೆಯ ತುದಿಗೆ ಬಂದವು. ಹೇಳಿಬಿಟ್ಟರೆ ಇಡೀ ಬಸ್ಸು ಬಾಯಿ ಮುಚ್ಚಿಕೊಳ್ಳುತ್ತಿತ್ತು.

"ಇರಬಹುದು," ಎಂದಳು.

ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿನೊಳಗೆ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು. ಜೇಬಿನೊಳಗೆ, ಯಾರಿಗೂ ಕಾಣದಂತೆ, ಬಲಗೈಯನ್ನು ಮೆಲ್ಲಗೆ ಮಗುಚಿದಳು.