ತಾಂಬಾಚ್ ತಿರುವಿನಲ್ಲಿ ಕಡಿದ ಮಾತು

ತಾಂಬಾಚ್ ತಿರುವಿನಲ್ಲಿ ಜೆರೊಟಿಚ್‌ಳ ಫೋನ್ ಕಾಲ್ ಕಡಿಯಿತು. ಅದೂ ಎಂಥ ಹೊತ್ತಿನಲ್ಲಿ ಅಂತೀರಿ!

ನಾನು ಇಟೆನ್ ಗುಡ್ಡದ ಮೇಲಿನ ಆಫೀಸಿನಲ್ಲಿದ್ದೆ, ಅವಳು ಕಣಿವೆಗಿಳಿಯುವ ಜೀಪಿನಲ್ಲಿ. ಓಡುವ ಜೀಪಿನೊಳಗಿನ ಫೋನನ್ನು ಗುಡ್ಡದ ಟವರ್ ಮಾತು ಕಡಿಯದಂತೆ ಕಣಿವೆಯ ಟವರಿಗೆ ಒಪ್ಪಿಸುತ್ತದೋ ಇಲ್ಲವೋ ಎಂದು ನೋಡುವುದೇ ನಮ್ಮಿಬ್ಬರ ಕೆಲಸ. ಕಡಿದದ್ದು ತಕ್ಷಣ ಗೊತ್ತಾಗಬೇಕಾದರೆ ಬಾಯಿ ನಿಲ್ಲಬಾರದು. ಉಳಿದವರು ಅಂಕಿ ಎಣಿಸುತ್ತಾರೆ. ಇವಳು ಅಪ್ಪನ ದನಗಳ ಹೆಸರು ಹೇಳುತ್ತಾಳೆ. ಸಮೋ, ತುಯ್ಯಾ, ಸಿರ್ವಾ... ನನಗೆ ಆ ಕೊಟ್ಟಿಗೆ ಪೂರ್ತಿ ಬಾಯಿಪಾಠ. ನಮ್ಮನೆಯಲ್ಲಿ ಅವ್ವ ಮಗಳಂತೆ ಸಾಕಿದ ಬಿಳಿತಲೆಯ ಹಸು ಲೆಲ್ಮೆತ್ ಇದೆ ಎಂದು ನಾನೂ ಒಮ್ಮೆ ಜಂಬ ಕೊಚ್ಚಿದ್ದೆ.

ಮರುದಿನವೇ ಅವಳಿಗೆ ದೂರದ ಕರಾವಳಿಯ ಮೊಂಬಾಸಾಕ್ಕೆ ವರ್ಗ. ಅದಕ್ಕೇ ಜೀವ ಗಟ್ಟಿ ಮಾಡಿಕೊಂಡು ಕೇಳಿಬಿಟ್ಟೆ, ನಮ್ಮ ಹಿರಿಯರು ಹೆಣ್ಣು ಕೇಳಲು ನಿಮ್ಮನೆಗೆ ಬರಬಹುದಾ ಅಂತ.

"ಕಿಮೇಲಿ, ನಾನು..." ಎಂದಳು. ಅಷ್ಟೇ.

ನಾನು ಏನು? ಒಲ್ಲೆ ಅನ್ನುವವಳಿದ್ದಳೇ? ಅವಳೇ ಕಟ್ ಮಾಡಿದಳೇ? ಮತ್ತೆ ಮತ್ತೆ ಕಾಲ್ ಮಾಡಿದೆ, ಸಿಗಲಿಲ್ಲ. ಕಂಪ್ಯೂಟರ್ ಪರದೆ ನೋಡಿದರೆ, ಕಣಿವೆಯ ಟವರ್ ಹತ್ತಿರವೇ ಇದ್ದರೂ ಫೋನು ಗುಡ್ಡದ ಟವರಿಗೇ ಜೋತುಬಿದ್ದು, ತಿರುವಿನ ಬಂಡೆ ಅಡ್ಡ ಬಂದೊಡನೆ ಎರಡನ್ನೂ ಕಳೆದುಕೊಂಡಿತ್ತು. ಸದ್ಯ, ಕಟ್ ಮಾಡಿದ್ದು ಅವಳಲ್ಲ. ಸ್ವಲ್ಪ ಮೊದಲೇ ಟವರ್ ಬದಲಿಸುವಂತೆ ಸೆಟ್ಟಿಂಗ್ ತಿದ್ದಿದೆ. ಆದರೂ ಅಂಜಿಕೆ ಹೋಗಲಿಲ್ಲ, ಗುಡ್ಡದ ಟವರನ್ನು ತೀರಾ ಬೇಗ ಬಿಟ್ಟರೂ ಕಾಲ್ ಕಡಿಯುತ್ತದೆ.

ಕಡಿದ ತಿರುವನ್ನು ಮತ್ತೆ ಹತ್ತಿ ಇಳಿಯುವುದು ನಮ್ಮ ಪದ್ಧತಿ. ಜೀಪು ಮೇಲೆ ಬಂದದ್ದೇ ಫೋನ್ ಹೊಡೆದುಕೊಂಡಿತು. ನಾನೇನೋ ಕೇಳಿದ್ದೆನಲ್ಲ ಎಂದು ಮೆಲ್ಲಗೆ ನೆನಪಿಸಿದೆ.

"ಟೆಸ್ಟ್ ನಡೀತಿದೆ, ಸುಮ್ನಿರು ಮಾರಾಯ. ತಿರುವು ದಾಟ್ಲಿ."

ಸಮೋ. ತುಯ್ಯಾ. ತಿರುವು ಬಂತು. ಪರದೆಯ ಮೇಲೆ ಕಣ್ಣಿಟ್ಟು ಕೂತೆ.

ಸಿರ್ವಾ.

ಕಡಿಯಲಿಲ್ಲ. ಕಣಿವೆಯ ಟವರ್ ಅವಳ ದನಿಯನ್ನು ಹಿಡಿದುಕೊಂಡಿತ್ತು. ಒಂದೊಂದಾಗಿ ಕೊಟ್ಟಿಗೆಯ ಹೆಸರೆಲ್ಲ ಮುಗಿದವು.

"ಲೆಲ್ಮೆತ್," ಎಂದಳು.

"ಅದು ನಮ್ಮವ್ವನ ಹಸು ಕಣೇ."

"ಗೊತ್ತು. ಹೆಣ್ಣು ಕೇಳೋಕೆ ತೆರದ ದನ ಇಲ್ದೆ ಬರಿಗೈಲಿ ಬರ್ತಾರಾ? ಅವಳನ್ನೂ ಹೊಡ್ಕೊಂಡು ಬನ್ನಿ. ಅಪ್ಪನ್ನ ನಾನು ಒಪ್ಪಿಸ್ತೀನಿ, ನಿಮ್ಮವ್ವನ್ನ ನೀನು ಒಪ್ಸು. ಆ ದಿನಕ್ಕೆ ಮೊಂಬಾಸಾದಿಂದ ಬಸ್ಸು ಹತ್ಕೊಂಡು ಬರ್ತೀನಿ."

ತಿರುವು ದಾಟಿದ ಮೇಲೆ ಕಾಲ್ ಮುಗಿಸಬೇಕೆಂಬುದು ನಿಯಮ. ಜೀಪು ಕಣಿವೆಯ ತಳ ಮುಟ್ಟಿದರೂ ಅವತ್ತು ನಾವಿಬ್ಬರೂ ಮುಗಿಸಲಿಲ್ಲ.